ನೆರೆಹೊರೆ: ಬೆಂಗಳೂರಿನ ಕೇರಿಗಳ ಚರಿತ್ರೆಯಿಂದ



"ಈಗ ನಮ್ಮ ಬೀದಿ ಮೊದಲಿನಂತೆ ಇಲ್ಲ" ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು, ಆಡದವರೂ ವಿರಳ. ಮೊದಲು ಎದುರುಮನೆಯ ಮಕ್ಕಳ ಹೆಸರೆಲ್ಲ ನಮಗೆ ತಿಳಿದಿದ್ದಿತು. ಹೆಪ್ಪಿಗೆ ಮಜ್ಜಿಗೆ ಬೇಕಾದರೆ ಬಟ್ಟಲು ಪಕ್ಕದ ಮನೆಗೆ ಹೋಗುತ್ತಿದ್ದಿತು. ಊರಿಗೆ ಹೋಗುವಾಗ ಬೀಗದ ಕೈಯನ್ನು ನೆರೆಮನೆಯ ಅಜ್ಜಿಗೆ ಒಪ್ಪಿಸುತ್ತಿದ್ದೆವು. ಈಗಲಾದರೋ ಯಾರು ಯಾರೋ ಬಂದು ಸೇರಿದ್ದಾರೆ. ಅವರು ಯಾವ ಊರಿನವರೋ, ಯಾವ ಮಾತಿನವರೋ ತಿಳಿಯದು. ಹೀಗೆ ಮಾತು ಸಾಗುತ್ತದೆ. ಅದರಲ್ಲಿ ದುಃಖವೂ ಉಂಟು, ಸ್ವಲ್ಪ ಅಭಿಮಾನವೂ ಉಂಟು. ಚರಿತ್ರೆಯನ್ನು ಓದುವವರು ಇಂಥ ಮಾತನ್ನು ಕೇಳಿದಾಗ ಒಂದು ಸಣ್ಣ ಪ್ರಶ್ನೆಯನ್ನು ಹಾಕಬೇಕಾಗುತ್ತದೆ: 'ಮೊದಲು' ಎಂದರೆ ಯಾವಾಗ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ಬೆಂಗಳೂರನ್ನು ಆರಿಸಿಕೊಂಡಿದ್ದೇವೆ. ಆ ನಗರದ ಕೇರಿಗಳು ಹೇಗೆ ಹುಟ್ಟಿದುವು, ಅಲ್ಲಿ ಇದ್ದವರು ತಮ್ಮ ನೆರೆಯವರನ್ನು ಹೇಗೆ ಕಂಡರು, ಬದಲಾವಣೆ ಬಂದಾಗ ಏನೆಂದುಕೊಂಡರು ಎಂಬುದನ್ನು ಸ್ಥೂಲವಾಗಿ ನೋಡೋಣ.

ಹಿರಿಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದನೆಂಬುದು ಎಲ್ಲರಿಗೂ ತಿಳಿದ ವಿಷಯ. ದೊಡ್ಡಪೇಟೆಯ ಬೀದಿಯೂ ಚಿಕ್ಕಪೇಟೆಯ ಬೀದಿಯೂ ಕೂಡುವ ಸ್ಥಳದಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲನ್ನು ಹೂಡಿ ಬೀದಿಗಳ ಗೆರೆಯನ್ನು ಎಳೆದರೆಂದು ಐತಿಹ್ಯವುಂಟು. ಪೇಟೆಯ ಒಳಗೆ ಬೀದಿಗಳಿಗೆ ಬಂದ ಹೆಸರುಗಳನ್ನು ಕೇಳಿದರೆ ಸಾಕು, ಅಲ್ಲಿನ ನೆರೆಹೊರೆಯ ಸ್ವರೂಪವು ಕಣ್ಣಿಗೆ ಕಟ್ಟುತ್ತದೆ. ಅಕ್ಕಿಪೇಟೆ, ತರಗುಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ, ತಿಗಳರಪೇಟೆ. ಒಬ್ಬನ ವಿಳಾಸವನ್ನು ಹೇಳಿದರೆ ಅವನ ಕಸುಬು, ಅನೇಕ ವೇಳೆ ಅವನ ಕುಲ, ಎರಡೂ ತಿಳಿಯುತ್ತಿದ್ದಿತು. ನೆರೆಯವನು ಕಸುಬಿನಲ್ಲಿಯೂ ನೆರೆಯವನೇ. ಒಂದು ಗಾಣದ ಸದ್ದು ನಿಂತರೆ ಮುಂದಿನ ಗಾಣದವನಿಗೆ ಕಾರಣವು ತಿಳಿದಿರುತ್ತಿದ್ದಿತು.

ಇದನ್ನು ಕೇಳಿ, ಆಹಾ, ಎಂಥ ಸೌಹಾರ್ದದ ಕಾಲವೆಂದು ನಿಟ್ಟುಸಿರು ಬಿಡುವವರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಈ ಪೇಟೆಯ ಸುತ್ತ ಕಂದಕವೂ ಮುಳ್ಳುಬೇಲಿಯೂ ಇದ್ದುವು. 1791ರ ಮಾರ್ಚಿ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮೊದಲು ಇದನ್ನು ದಾಟಿ, ಅನಂತರ ಕೋಟೆಗೆ ಲಗ್ಗೆಯಿಟ್ಟಿತು. ಬೇಲಿಯು ಹೊರಗಿನ ಶತ್ರುವಿಗಾಗಿ ಇದ್ದಿತು. ಆದರೆ ಒಳಗೂ ಕಣ್ಣಿಗೆ ಕಾಣದ ಬೇಲಿಗಳಿದ್ದುವು. ಅಲ್ಲಿನ ಕುಲಗಳು ಬಲಗೈ, ಎಡಗೈ ಎಂಬ ಎರಡು ಪಂಗಡಗಳಾಗಿ ಒಡೆದಿದ್ದುವು. ಬಲಗೈಯವರನ್ನು ಹದಿನೆಂಟು ಫಣದವರೆಂದೂ ಎಡಗೈಯವರನ್ನು ಒಂಬತ್ತು ಫಣದವರೆಂದೂ ಕರೆಯುತ್ತಿದ್ದರು. ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬಗಳನ್ನು ನೆಡುವ ಹಕ್ಕು ತಮ್ಮದೇ, ಎದುರು ಪಂಗಡದವರು ಹನ್ನೊಂದಕ್ಕೆ ನಿಲ್ಲಿಸಬೇಕು ಎಂದು ಬಲಗೈಯವರು ವಾದಿಸುತ್ತಿದ್ದರು. ಒಂದು ಕಂಬ ಹೆಚ್ಚಾದರೆ ಬೀದಿಯೇ ಹೊತ್ತಿಕೊಳ್ಳುತ್ತಿದ್ದಿತು. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಈ ಪಂಗಡಗಳ ವೈಷಮ್ಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದುದರಿಂದ ಹಳೆಯ ಪೇಟೆಯಲ್ಲಿ ನೆರೆಯವರು ಒಬ್ಬರನ್ನೊಬ್ಬರು ಚೆನ್ನಾಗಿ ಅರಿತಿದ್ದರೆಂಬುದು ನಿಜ. ಅರಿತವರೆಲ್ಲ ಪ್ರೀತಿಸಿದರೆಂಬುದು ಅಷ್ಟು ನಿಜವಲ್ಲ.

1809ರಲ್ಲಿ ಪೇಟೆಗೆ ಒಬ್ಬ ಹೊಸ ನೆರೆಯವನು ಬಂದನು. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷರ ಸೈನ್ಯವನ್ನು ಬೆಂಗಳೂರಿಗೆ ತಂದು ಪೇಟೆಯ ಈಶಾನ್ಯಕ್ಕೆ, ಹಲಸೂರಿನ ಕಡೆಯಲ್ಲಿ ನೆಲೆಗೊಳಿಸಿದರು. ಜನರು ಅದನ್ನು 'ದಂಡು' ಎಂದು ಕರೆದರು. ದಂಡಿನೊಡನೆ ಮದರಾಸಿನ ಕಡೆಯಿಂದ ವರ್ತಕರೂ, ಗುತ್ತಿಗೆದಾರರೂ, ಕೂಲಿಗಳೂ, ಅಡಿಗೆಯವರೂ ಬಂದರು. ಅಲ್ಲಿಯ ಬೀದಿಗಳ ಹೆಸರು ಕಸುಬಿನಿಂದಲ್ಲ, ಸೈನ್ಯದ ವಿಭಾಗಗಳಿಂದ ಹುಟ್ಟಿದುವು: ಇನ್‌ಫೆಂಟ್ರಿ ರಸ್ತೆ, ಕ್ಯಾವಲ್ರಿ ರಸ್ತೆ, ಬ್ರಿಗೇಡ್ ರಸ್ತೆ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮುನಿಸಿಪಾಲಿಟಿಗಳಾದುವು. 1870ರಲ್ಲಿ ಇವೆರಡರ ನಡುವೆ ಒಂದು ದೊಡ್ಡ ಉದ್ಯಾನವನ್ನು ಮಾಡಿದರು. ಅದೇ ಕಬ್ಬನ್ ಪಾರ್ಕು. 1881ರಲ್ಲಿ ಸಂಸ್ಥಾನವು ಮಹಾರಾಜರಿಗೆ ಮರಳಿ ಬಂದಾಗಲೂ ದಂಡು ಇಂಗ್ಲಿಷರ ಕೈಯಲ್ಲಿಯೇ ಉಳಿದು, 1947ರಲ್ಲಿ ಹಿಂದಕ್ಕೆ ಬಂದಿತು. 1949ರಲ್ಲಿ ಎರಡೂ ಸೇರಿ ಒಂದು ಕಾರ್ಪೊರೇಷನ್ ಆಯಿತು. ಸುಮಾರು ನೂರನಲವತ್ತು ವರ್ಷ ಪಕ್ಕಪಕ್ಕದಲ್ಲಿ ಬಾಳಿದ ಇವೆರಡು ಊರುಗಳು ಒಂದರ ಮುಖವನ್ನೊಂದು ತೋಟದ ಆಚೆಯಿಂದಲೇ ನೋಡಿದುವೆಂದರೆ ತಪ್ಪಾಗಲಾರದು.

ಒಂದೇ ವಸ್ತುವನ್ನು ಇಬ್ಬರು ನೆರೆಯವರು ಹೇಗೆ ಬೇರೆಬೇರೆಯಾಗಿ ಕಾಣುತ್ತಾರೆ ಎಂಬುದಕ್ಕೆ ಇಲ್ಲಿದ್ದ ಸಂಪಂಗಿ ಕೆರೆಯು ನಿದರ್ಶನ. ಅದರ ಸುತ್ತ ತಿಗಳರು ಹೂವನ್ನೂ ಸೊಪ್ಪು ತರಕಾರಿಗಳನ್ನೂ ಬೆಳೆಯುತ್ತಿದ್ದರು. ಅವರಿಗೆ ಕೆರೆಯು ತುಂಬಿ ನಿಲ್ಲಬೇಕು. ಹತ್ತಿರದಲ್ಲಿಯೇ ಬಂಗಲೆಗಳನ್ನು ಕಟ್ಟಿಕೊಂಡವರಿಗೆ ತುಂಬಿದ ಕೆರೆಯೆಂದರೆ ಅಂಗಳಕ್ಕೆ ನೀರು ನುಗ್ಗುವ ಭಯ. 19ನೆಯ ಶತಮಾನದ ಕೊನೆಯಲ್ಲಿ ಈ ಎರಡು ಬಗೆಯ ಬೇಡಿಕೆಗಳೂ ಸರಕಾರದ ಮುಂದೆ ಹೋದುವು. ಅಷ್ಟರಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ಊರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ನೆನಪೂ ಸಡಿಲವಾಯಿತು. ಕೆರೆಯು ಬರಬರುತ್ತ ಬತ್ತಿ ಮೈದಾನವಾಯಿತು. ಕೊನೆಗೆ ಅಲ್ಲಿ ಕಂಠೀರವ ಕ್ರೀಡಾಂಗಣವು ಎದ್ದಿತು.

ಪೇಟೆಯ ನೆರೆಹೊರೆಯನ್ನು ಬುಡಸಹಿತ ಅಲುಗಿಸಿದುದು 1898ರ ಪ್ಲೇಗು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅದು ಬೆಂಗಳೂರಿನಲ್ಲಿ ಕಾಣಿಸಿಕೊಂಡಿತು. ಇಕ್ಕಟ್ಟಾದ ಓಣಿಗಳು, ಒಂದಕ್ಕೊಂದು ಅಂಟಿಕೊಂಡ ಗೋಡೆಗಳು, ಧಾನ್ಯದ ಮಳಿಗೆಗಳು: ಇಲಿಗಳಿಗೆ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆಯವರ ಎದೆ ಒಡೆಯುತ್ತಿದ್ದಿತು. ವಿ. ಪಿ. ಮಾಧವರಾಯರು ಸಂಸ್ಥಾನದ ಪ್ಲೇಗ್ ಕಮೀಷನರಾಗಿ ನಿಯಮಿತರಾದರು. ಮನೆಗಳನ್ನು ಖಾಲಿ ಮಾಡಿಸುವುದು, ಬಿಸಿಲು ಬೀಳಲೆಂದು ಹೆಂಚನ್ನು ತೆಗೆಸುವುದು, ಸುಣ್ಣ ಬಳಿಸುವುದು, ರೋಗಿಗಳನ್ನೂ ಅವರೊಡನೆ ಇದ್ದವರನ್ನೂ ಊರಾಚೆಯ ಷೆಡ್ಡುಗಳಿಗೆ ಸಾಗಿಸುವುದು, ಇವೆಲ್ಲ ನಡೆದುವು.

ಇಂಥ ಕಾಲದಲ್ಲಿ ನೆರೆಮನೆಯೆಂಬುದರ ಅರ್ಥವೇ ಬದಲಾಗುತ್ತದೆ. ಹಿಂದಿನ ದಿನದವರೆಗೆ ಗೋಡೆಯಾಚೆಯ ಕೆಮ್ಮು ಕೇಳಿದರೆ ಕಷಾಯವನ್ನು ಕಳುಹಿಸುತ್ತಿದ್ದವರು ಈಗ ಅದೇ ಕೆಮ್ಮಿಗೆ ಬೆದರುವರು. ರೋಗವನ್ನು ಮುಚ್ಚಿಟ್ಟರೆ ಕೇರಿಗೆ ಕೇಡು. ತಿಳಿಸಿದರೆ ಒಂದು ಸಂಸಾರವು ಷೆಡ್ಡಿನ ಪಾಲು. ನೆರೆಯವನ ಕರ್ತವ್ಯವು ಯಾವುದೆಂದು ಹೇಳುವ ನೀತಿಶಾಸ್ತ್ರವು ಯಾರ ಬಳಿಯೂ ಇರಲಿಲ್ಲ. 2020ರಲ್ಲಿ ಕೊರೋನಾ ಬಂದಾಗ, ಬಾಗಿಲಿಗೆ ಚೀಟಿ ಅಂಟಿಸಿದ ಮನೆಯ ಮುಂದೆ ನಾವು ಹೆಜ್ಜೆಯನ್ನು ಬೇಗಬೇಗ ಇಟ್ಟುದನ್ನು ನೆನೆದರೆ ಅಂದಿನವರ ಮೇಲೆ ತೀರ್ಪು ಕೊಡುವ ಧೈರ್ಯ ನಮಗೆ ಬಾರದು. ಅಂದಿನ ಭಯಕ್ಕೆ ಗುರುತಾಗಿ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿ ಉಳಿದಿದೆ. ಸಂಖ್ಯೆಗಳೂ ಒಂದು ಮಾತನ್ನು ಹೇಳುತ್ತವೆ. 1891ರಲ್ಲಿ ಪೇಟೆ, ದಂಡು ಎರಡೂ ಸೇರಿ 1,80,366 ಜನರಿದ್ದರು, 1901ರಲ್ಲಿ 1,59,046. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ಅಂತೂ ಹತ್ತು ವರ್ಷಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ನೆರೆಯವರು ಲೆಕ್ಕದಿಂದ ಕಳೆದುಹೋದರು.

ಈ ಭಯದಿಂದಲೇ ಹೊಸ ಬಡಾವಣೆಗಳ ಕೆಲಸಕ್ಕೆ ವೇಗವು ಬಂದಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ ಬೆಳೆದುವು. ಅಗಲವಾದ ನೇರ ರಸ್ತೆಗಳು, ಅವಕ್ಕೆ ಅಡ್ಡರಸ್ತೆಗಳು, ಮನೆಯ ಸುತ್ತ ಬಯಲು, ಗಾಳಿ, ಬೆಳಕು. ನಿವೇಶನಗಳನ್ನು ಹಂಚಿದುದು ಬಹುಮಟ್ಟಿಗೆ ಜಾತಿಮತಗಳನ್ನು ನೋಡಿಯೇ. ಅಂದರೆ ಪೇಟೆಯ ಕೇರಿಗಳ ಪದ್ಧತಿಯು ಹೊಸ ನಕ್ಷೆಯ ಮೇಲೂ ಇಳಿಯಿತು. ಗುಮಾಸ್ತರು, ಉಪಾಧ್ಯಾಯರು, ವಕೀಲರು, ಪಿಂಚಣಿದಾರರು ಅಲ್ಲಿಗೆ ಹೋದರು.

ಈ ಬಡಾವಣೆಗಳಲ್ಲಿ ನಮ್ಮ ಗಮನಕ್ಕೆ ಅರ್ಹವಾದ ಒಂದು ಏರ್ಪಾಡು ಉಂಟು. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಸಣ್ಣ ಓಣಿಯನ್ನು ಬಿಟ್ಟರು. ಮಲ್ಲೇಶ್ವರದಲ್ಲಿ ಅಂಥ ಓಣಿಗಳನ್ನು ಇಂದಿಗೂ ನೋಡಬಹುದು. ಪಾಯಖಾನೆಯನ್ನು ಚೊಕ್ಕಟ ಮಾಡುವ ಜಲಗಾರರು ಬಂದುಹೋಗುವ ದಾರಿ ಅದು. ಮುಂಬಾಗಿಲಿನ ರಂಗವಲ್ಲಿಯನ್ನು ಅವರು ತುಳಿಯುವಂತಿರಲಿಲ್ಲ. ಅವರ ಮುಖವನ್ನು ಮನೆಯವರು ನೋಡಬೇಕಾಗಿಯೂ ಇರಲಿಲ್ಲ. ಪ್ರತಿದಿನವೂ ಮನೆಯ ಬೆನ್ನಿಗೆ ಬಂದು ಮನೆಯ ಆರೋಗ್ಯವನ್ನು ಕಾಪಾಡಿದ ಮನುಷ್ಯನ ಹೆಸರು ಆ ಬೀದಿಯ ಎಷ್ಟು ಮನೆಗಳಿಗೆ ತಿಳಿದಿದ್ದಿತು? 'ಮೊದಲು ನಾವೆಲ್ಲ ಒಂದೇ ಮನೆಯವರಂತೆ ಇದ್ದೆವು' ಎನ್ನುವಾಗ ಆ 'ಎಲ್ಲ' ಎಂಬ ಮಾತಿನೊಳಗೆ ಹಿತ್ತಿಲ ಓಣಿಯವನು ಸೇರಿದ್ದನೆ? 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ನೆರೆಹೊರೆಯ ಚರಿತ್ರೆಯಲ್ಲಿ ಅದೊಂದು ದೊಡ್ಡ ದಿನ. ಆದರೆ ಹಳೆಯ ಬೀದಿಯನ್ನು ನೆನೆದು ಕೊರಗುವವರ ಬಾಯಲ್ಲಿ ಅದರ ಪ್ರಸ್ತಾಪವು ಅಪರೂಪ.

ಇನ್ನೊಂದು ಮಾತು. ಈ ಹೊಸ ಬಡಾವಣೆಗಳು ಬರಿಯ ಬಯಲಿನಲ್ಲಿ ಎದ್ದುವಲ್ಲ. ಮಲ್ಲೇಶ್ವರದ ಸ್ಥಳದಲ್ಲಿ ಮಲ್ಲಾಪುರವೆಂಬ ಹಳ್ಳಿಯಿದ್ದಿತು. ಅದನ್ನು ಹೆಸರಿಸುವ ಏಕೋಜಿಯ 1669ರ ಶಾಸನವು ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿದೆ. ಬಸವನಗುಡಿಯ ಸ್ಥಳದಲ್ಲಿ ಸುಂಕೇನಹಳ್ಳಿಯಿದ್ದಿತು. ಗಾಳಿ ಬೆಳಕಿಗಾಗಿ ನಗರದವರು ಅಲ್ಲಿಗೆ ಹೋದಾಗ, ಆ ಹಳ್ಳಿಗಳ ಒಕ್ಕಲುಗಳಿಗೆ ಬಂದವರೆಲ್ಲ ಹೊಸಬರೇ ತಾನೆ? ಅವರೂ ತಮ್ಮ ಕಟ್ಟೆಯ ಮೇಲೆ ಕುಳಿತು, ಊರು ಮೊದಲಿನಂತೆ ಇಲ್ಲವೆಂದು ಹೇಳಿಕೊಂಡಿದ್ದರೆ ಆಶ್ಚರ್ಯವಿಲ್ಲ. ಅವರ ಮಾತನ್ನು ಬರೆದಿಡುವವರು ಇರಲಿಲ್ಲ, ಅಷ್ಟೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಕೆಲವು ವರ್ಷಗಳಿಂದ ವಾಸವಾಗಿದ್ದೇವೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿಯ ಪರಿಷೆ ನಡೆಯುವುದನ್ನು ತಾವೆಲ್ಲ ಬಲ್ಲಿರಿ. ಒಂದು ವರ್ಷ ನಮ್ಮ ಬೀದಿಯ ಕೆಲವರು, ಜನಸಂದಣಿಯೂ ಕಸವೂ ಅತಿಯಾಯಿತು, ಅಡ್ಡರಸ್ತೆಗಳಲ್ಲಿ ರಾಶಿ ಹಾಕುವವರನ್ನು ಎಬ್ಬಿಸಬೇಕು ಎಂದು ಒಂದು ಅರ್ಜಿಯನ್ನು ಬರೆದರು. ನಾವೂ ಸಹಿ ಹಾಕಿದೆವು. ಮಾರನೆಯ ದಿನ ಮನೆಯ ಮುಂದೆಯೇ ರಾಶಿ ಹಾಕಿದ್ದ ಒಬ್ಬ ಮುದುಕಿಯ ಬಳಿ ಕಡಲೆಕಾಯಿಯನ್ನು ಕೊಳ್ಳುತ್ತ, "ಅಜ್ಜಿ, ಇಲ್ಲೇ ಯಾಕೆ ಕೂತ್ಕೊತೀರಿ?" ಎಂದು ಕೇಳಿದೆವು. ಆಕೆ ಬೇಸರಿಸದೆ, "ನಮ್ಮ ತಾತನ ಕಾಲದಿಂದ ಇಲ್ಲೇ ರಾಶಿ ಹಾಕ್ತಾ ಇದ್ದೀವಿ, ಸ್ವಾಮಿ. ಆಗ ಇಲ್ಲಿ ಮನೆ ಎಲ್ಲಿತ್ತು? ನೀವು ಯಾವಾಗ ಬಂದ್ರಿ?" ಎಂದಳು. ಹದಿನಾಲ್ಕು ವರ್ಷವಾಯಿತೆಂದೆವು. "ಹಂಗಾದ್ರೆ ಹೊಸಬ್ರು" ಎಂದು ನಕ್ಕು, ಸೇರಿನ ಮೇಲೆ ಒಂದು ಹಿಡಿ ಕೊಸರನ್ನು ಹಾಕಿದಳು. ಹೊಸದಾಗಿ ಬಂದ ನೆರೆಯವರಿಗೆ ಹಳಬರು ಕೊಡುವ ಮರ್ಯಾದೆ ಅದು. ನಾವು ಹೋಗಿ ಅರ್ಜಿಯಿಂದ ನಮ್ಮ ಹೆಸರನ್ನು ಹೊಡೆದುಹಾಕಿಸಿದೆವು. ಅರ್ಜಿಯನ್ನು ಬರೆದವರು ಕೆಲವು ತಿಂಗಳು ನಮ್ಮೊಡನೆ ಮಾತು ಬಿಟ್ಟರು.

ಆ ಮೇಲೆ ಯೋಚಿಸಿದಾಗ ನಮಗೆ ಹೊಳೆದ ಸಂಗತಿಯಿದು. ಪ್ರತಿಯೊಬ್ಬನೂ ತನ್ನ ಬೀದಿಯ ಚರಿತ್ರೆಯನ್ನು ತಾನು ಆ ಮನೆಯಲ್ಲಿ ಹಾಲುಕ್ಕಿಸಿದ ದಿನದಿಂದ ಎಣಿಸುತ್ತಾನೆ. ಅದಕ್ಕೆ ಮುಂಚೆ ಅಲ್ಲಿ ಇದ್ದವರೆಲ್ಲ ಅವನಿಗೆ ಪುರಾಣ; ಅನಂತರ ಬಂದವರೆಲ್ಲ ದಾಳಿಕಾರರು. ಇಂದು ಬಸವನಗುಡಿಯ ಹಿರಿಮೆಯೆಂದು ನಾವು ಹೇಳಿಕೊಳ್ಳುವ ಡಿ. ವಿ. ಗುಂಡಪ್ಪನವರು ಮುಳಬಾಗಿಲಿನಿಂದ ಬಂದವರು. ಗವಿಪುರದ ಮನೆಯಲ್ಲಿ ಬಾಳಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮಾಲೂರು ಸೀಮೆಯವರು. ಅವರ ಮನೆಮಾತು ತಮಿಳು. ಇಂದು ಇವರನ್ನು ಹೊರಗಿನವರೆಂದು ಯಾರು ಹೇಳಿಯಾರು? ಅಷ್ಟೇಕೆ, ಪರಿಷೆಯ ಕಡಲೆಕಾಯಿಯೇ ಹೊರಗಿನದು. ಅದು ದಕ್ಷಿಣ ಅಮೆರಿಕದ ಬೆಳೆ. 1492ರಲ್ಲಿ ಕೊಲಂಬಸನು ಕಡಲನ್ನು ದಾಟಿದ ಮೇಲಲ್ಲವೆ ಅದು ಇತ್ತ ಕಡೆಗೆ ಬಂದುದು? ಬಸವಣ್ಣನು ಅದನ್ನು ತಿರಸ್ಕರಿಸಿದಂತೆ ಕಾಣುವುದಿಲ್ಲ.

ಅನಂತರದ ಕಥೆಯು ನಮ್ಮ ಕಾಲಕ್ಕೆ ಸಮೀಪವಾದುದು. 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್. ಎಂ. ಟಿ., 1954ರಲ್ಲಿ ಬಿ. ಇ. ಎಲ್.; ಒಂದೊಂದರ ಹಿಂದೆಯೂ ಹೊಸ ನೆರೆಯವರ ಒಂದೊಂದು ಅಲೆ. 1956ರಲ್ಲಿ ಕನ್ನಡನಾಡು ಒಂದಾದಾಗ ಧಾರವಾಡ, ಕಲಬುರ್ಗಿ, ಮಂಗಳೂರುಗಳ ಕನ್ನಡ ಬೆಂಗಳೂರಿನ ವಠಾರಗಳಲ್ಲಿ ಕೇಳಿಬಂದಿತು. 1990ರಿಂದ ಈಚೆಗೆ ಗಣಕಯಂತ್ರದ ಉದ್ಯಮವು ದೇಶದ ನಾನಾ ಮೂಲೆಗಳಿಂದ ಜನರನ್ನು ತಂದಿತು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನರು 96 ಲಕ್ಷಕ್ಕೂ ಮಿಕ್ಕಿದರು. ಒಂದು ಅಲೆಯಲ್ಲಿ ಬಂದವನು ದಡಕ್ಕೆ ಹತ್ತಿ ಬಟ್ಟೆ ಒಣಗುವ ಮೊದಲೇ ಮುಂದಿನ ಅಲೆಯನ್ನು ಬಯ್ಯತೊಡಗುತ್ತಾನೆ.

ಹಾಗೆಂದ ಮಾತ್ರಕ್ಕೆ ಬದಲಾವಣೆಯೆಲ್ಲ ಒಳ್ಳೆಯದು, ದೂರುವವರೆಲ್ಲ ಅವಿವೇಕಿಗಳು ಎಂಬುದು ನಮ್ಮ ಅಭಿಪ್ರಾಯವಲ್ಲ. ಕೆರೆ ಹೋದುದು ನಷ್ಟವೇ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣವಾಗಿದೆ. ಅಲ್ಲಿ ಬಸ್ಸಿಗಾಗಿ ಕಾಯುವವರಿಗೆ ತಾವು ಕೆರೆಯ ಅಂಗಳದಲ್ಲಿ ನಿಂತಿದ್ದೇವೆಂಬುದು ತಿಳಿಯದು. ಮನೆಯ ಭಾಷೆ ಮಾತ್ರವಲ್ಲದೆ ಬೀದಿಯ ಭಾಷೆಯನ್ನೂ ಕಲಿಯುವುದು ಬಂದವನ ಕರ್ತವ್ಯ. ಕಲಿಸುವುದು ಇದ್ದವನ ಕರ್ತವ್ಯ. ಹೊಸಬನು ಕಲಿಯಲಿಲ್ಲವೆಂದು ದೂರುವಾಗ, ನಾವು ಅವನ ಬಾಗಿಲನ್ನು ಎಷ್ಟು ಸಲ ತಟ್ಟಿದೆವೆಂಬುದನ್ನೂ ಕೇಳಿಕೊಳ್ಳಬೇಕು.

ಇದಕ್ಕೆ ಹಳೆಯ ಪೇಟೆಯೇ ಒಂದು ದಾರಿಯನ್ನು ತೋರಿಸುತ್ತದೆ. ಚೈತ್ರ ಶುದ್ಧ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗವು ಹೊರಡುತ್ತದೆ. ಕತ್ತಿ ಹಿಡಿದ ವೀರಕುಮಾರರ ನಡುವೆ, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಹೊತ್ತು, ಪೇಟೆಯ ಓಣಿಓಣಿಗಳಲ್ಲಿ ಅದು ಬೆಳಗಿನವರೆಗೆ ಸುತ್ತುತ್ತದೆ. ಆ ಸುತ್ತಿನಲ್ಲಿ ಅರಳೆಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿ ಬರುವುದು ವಾಡಿಕೆ. ಸಂಪಂಗಿ ಕೆರೆ ಹೋದರೂ, ಕರಗದ ವಿಧಿಗಳಿಗೆಂದು ಕ್ರೀಡಾಂಗಣದ ಪಕ್ಕದಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಒಂದೂರಿನ ನೆರೆಯವರು ವರ್ಷಕ್ಕೊಮ್ಮೆಯಾದರೂ ಒಬ್ಬರ ಬಾಗಿಲಿಗೊಬ್ಬರು ಹೋಗಬೇಕೆಂದು ಯಾರೋ ಹಿರಿಯರು ಹಾಕಿಕೊಟ್ಟ ಕಟ್ಟಳೆ ಇದು. ಹನ್ನೆರಡು ಕಂಬಕ್ಕಾಗಿ ಜಗಳವಾಡಿದ ಪೇಟೆಯೇ ಇದನ್ನೂ ನಡೆಸಿಕೊಂಡು ಬಂದಿತು. ಚರಿತ್ರೆಯು ಎರಡನ್ನೂ ನಮ್ಮ ಕೈಗೆ ಕೊಟ್ಟಿದೆ. ಯಾವುದನ್ನು ಮುಂದುವರಿಸಬೇಕೆಂಬುದು ನಮಗೆ ಬಿಟ್ಟುದು.

ಆದುದರಿಂದ ಶ್ರೋತೃಗಳಲ್ಲಿ ಒಂದು ವಿಜ್ಞಾಪನೆ. ಇನ್ನು ಮುಂದೆ 'ಇವರೆಲ್ಲ ಎಲ್ಲಿಂದ ಬಂದರೋ' ಎಂದು ಬಾಯಿಗೆ ಬಂದಾಗ, ಅದರ ಹಿಂದೆಯೇ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿರಿ: 'ನಾವು ಬರುವ ಮುನ್ನ ಇಲ್ಲಿ ಯಾರಿದ್ದರು?' ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡವರಿಗೆ ಮೊದಲನೆಯದರ ಕಟುವು ತಾನಾಗಿಯೇ ಇಳಿಯುತ್ತದೆ. ಪಕ್ಕದ ಮನೆಗೆ ಈ ವಾರ ಯಾರಾದರೂ ಹೊಸಬರು ಬಂದಿದ್ದರೆ, ಅವರು ಹಾಲುಕ್ಕಿಸುವ ಹೊತ್ತಿಗೆ ಹೆಪ್ಪಿಗೆ ಒಂದು ಬಟ್ಟಲು ಮಜ್ಜಿಗೆಯನ್ನು ಕಳುಹಿಸಿಕೊಡಿರಿ. ಬಟ್ಟಲನ್ನು ಹಿಂದಕ್ಕೆ ಕೊಡಲು ಅವರು ಒಮ್ಮೆಯಾದರೂ ನಿಮ್ಮ ಬಾಗಿಲಿಗೆ ಬರಲೇಬೇಕಲ್ಲವೆ?